ಮೂತ್ರಪಿಂಡದ ಮೌನ

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನುಗಳೆಂಬ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವೆಲ್ಲವೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ರಕ್ತದ ಒತ್ತಡವು ವರ್ಷಗಟ್ಟಲೆ ಏರಿಯೇ ಇದ್ದರೆ ಈ ಶೋಧಕಗಳು ಒಂದೊಂದಾಗಿ ನಶಿಸುವುವು. ನೋವಿಲ್ಲ, ಜ್ವರವಿಲ್ಲ, ರೋಗಿಗೆ ಸುಳಿವೇ ಹತ್ತದು.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ವಿಚಿತ್ರ ವಸ್ತುವೊಂದನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಬೆರೆತೊಡನೆ ಅದು ಗಷ್ಟಾಗಿ ತಳಕ್ಕಿಳಿಯುತ್ತಿತ್ತು. ಯಕೃತ್ತಿನಲ್ಲಿ ಹುಟ್ಟುವ ಇದನ್ನು ನಾವು ಸಿ-ರಿಯಾಕ್ಟಿವ್ ಪ್ರೋಟೀನ್ ಎನ್ನುತ್ತೇವೆ. ದೇಹದಲ್ಲಿ ಎಲ್ಲಿಯೇ ಉರಿಯೂತವಾಗಲಿ, ಹಲ್ಲಿನ ವಸಡು ಬಾತರೂ ಸರಿಯೆ, ಇದು ಏರಬಹುದು. ರಕ್ತದೊತ್ತಡವುಳ್ಳವರಲ್ಲಿ ಇದು ತುಸು ಹೆಚ್ಚಾಗಿರುವುದೂ ಮೂತ್ರಪಿಂಡಗಳ ಶಕ್ತಿ ಕುಂದಿರುವುದೂ ಅನೇಕ ವೇಳೆ ಜೊತೆಯಾಗಿ ಕಂಡುಬಂದಿವೆ.

ಜೊತೆಗಿದ್ದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆನ್ನಬಹುದೇ? 2017ರಲ್ಲಿ ಪ್ರಕಟವಾದ, 10,000ಕ್ಕೂ ಹೆಚ್ಚು ಹೃದ್ರೋಗಿಗಳ ಪರೀಕ್ಷೆಯಲ್ಲಿ ಕನಾಕಿನುಮ್ಯಾಬ್ ಎಂಬ ಔಷಧವು ಈ ಪ್ರೋಟೀನನ್ನು ಇಳಿಸಿತು, ಹೃದಯಾಘಾತಗಳನ್ನೂ ತಗ್ಗಿಸಿತು. ರಕ್ತದೊತ್ತಡವನ್ನು ಮಾತ್ರ ಇಳಿಸಲಿಲ್ಲ! ಆದುದರಿಂದ ಮೂತ್ರಪಿಂಡದ ಸ್ಥಿತಿಯನ್ನರಿಯಲು ವೈದ್ಯರು ಇಂದಿಗೂ ರಕ್ತದ ಕ್ರಿಯಾಟಿನಿನನ್ನೂ ಮೂತ್ರದ ಆಲ್ಬುಮಿನನ್ನೂ ಅಳೆಯುತ್ತಾರೆ. ಕ್ರಿಯಾಟಿನಿನ್ ಏರುವುದು ಸಾಕಷ್ಟು ಹಾನಿಯಾದ ಬಳಿಕ. ಆಲ್ಬುಮಿನ್ ಅನೇಕರಲ್ಲಿ ಅದಕ್ಕೂ ಮೊದಲೇ ಸೋರತೊಡಗುತ್ತದೆ.