ಹಾಡಿನ ಹಣ ಎಲ್ಲಿಗೆ ಹೋಗುತ್ತದೆ? ಸಹಾಯಾರ್ಥ ಸಂಗೀತ ಕಾರ್ಯಕ್ರಮಗಳ ಕುರಿತು

ದೀಪಾವಳಿ ಕಳೆದು ಪುಣೆಯಲ್ಲಿ ಚಳಿ ಕಾಲಿಟ್ಟಿತೆಂದರೆ ಸಂಗೀತದ ಹಂಗಾಮು ಆರಂಭವಾಯಿತೆಂದೇ ಅರ್ಥ. ಕೋಥರೂಡಿನ ನಾಟ್ಯಗೃಹದಿಂದ ಟಿಳಕ ಸ್ಮಾರಕ ಮಂದಿರದವರೆಗೆ ವಾರಾಂತ್ಯಗಳೆಲ್ಲ ಭರ್ತಿಯಾಗುತ್ತವೆ. ನಮ್ಮ ಮನೆಗಳಿಗೆ ಬರುವ ಆಮಂತ್ರಣಗಳಲ್ಲಿ ಕೆಲವಕ್ಕೆ ‘ಸಹಾಯಾರ್ಥ’ ಎಂಬ ವಿಶೇಷಣ ಅಂಟಿಕೊಂಡಿರುತ್ತದೆ. ಬಡ ಮಕ್ಕಳಿಗೆ ಸಂಗೀತ, ನೃತ್ಯ ಕಲಿಸುವ ಸಂಸ್ಥೆಯೊಂದಕ್ಕೆ, ಗುಡ್ಡಗಳಲ್ಲಿ ಗಿಡ ನೆಟ್ಟು ಕಾಯುವ ತಂಡವೊಂದಕ್ಕೆ, ವ್ಯಸನದಿಂದ ಅಥವಾ ಮನೋವ್ಯಥೆಯಿಂದ ಬಳಲುವವರ ಆರೈಕೆಯ ಕೇಂದ್ರವೊಂದಕ್ಕೆ ನಿಧಿ ಸಂಗ್ರಹಿಸುವುದು ಅವುಗಳ ಉದ್ದೇಶ. ಪರಿಚಿತರೊಬ್ಬರು ಟಿಕೆಟ್ ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ ಇಲ್ಲವೆನ್ನಲಾಗದೆ ಎರಡು ಟಿಕೆಟು ಕೊಳ್ಳುತ್ತೇವೆ. ಕಾರ್ಯಕ್ರಮಕ್ಕೆ ಹೋದರೆ ಹೋದೆವು, ಇಲ್ಲವಾದರೆ ಇಲ್ಲ. ಕೊಟ್ಟ ಹಣ ಎಲ್ಲಿಗೆ ಹೋಯಿತು, ಎಷ್ಟು ಉಳಿಯಿತು, ಅದರಿಂದ ಏನಾಯಿತು ಎಂದು ವಿಚಾರಿಸುವವರು ವಿರಳ.

ವಿಚಾರಿಸುವುದು ಅವಶ್ಯವೆಂಬುದು ನಮ್ಮ ಅಭಿಪ್ರಾಯ. ಸಂಶಯದಿಂದ ಈ ಮಾತನ್ನು ಆಡುತ್ತಿಲ್ಲ. ಪುಣೆಯ ಕನ್ನಡಿಗರಾದ ನಾವು ನಮ್ಮದೆಂದು ಹೆಮ್ಮೆಪಡುವ ಸಂಗೀತ ಪರಂಪರೆಯೇ ಇಂತಹ ಹಣದ ಅನ್ನ ಉಂಡು ಬೆಳೆದದ್ದು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ನಡೆಸತೊಡಗಿದರು. ಘರಾಣೆಯ ವಿದ್ಯೆಯನ್ನು ಮನೆಮಂದಿಗಷ್ಟೇ ಕಾದಿಡುತ್ತಿದ್ದ ಕಾಲವದು. ಖಾನ್ ಸಾಹೇಬರು ಮಾತ್ರ ಯಾವ ಮನೆತನದ ಹುಡುಗನೇ ಬರಲಿ, ಕಂಠವಿದ್ದರೆ ಕೈಬಿಡುತ್ತಿರಲಿಲ್ಲ. ಬಡ ವಿದ್ಯಾರ್ಥಿಗಳ ಊಟ, ವಸತಿಯ ಭಾರ ವಿದ್ಯಾಲಯದ ಮೇಲೆಯೇ ಬೀಳುತ್ತಿತ್ತು. ಅದನ್ನು ಹೊರುತ್ತಿದ್ದುದು ಖಾನ್ ಸಾಹೇಬರ ಕಾರ್ಯಕ್ರಮಗಳ ಗಳಿಕೆ. ಅವರು ಊರೂರು ಸುತ್ತಿ ಹಾಡುತ್ತಿದ್ದರು, ಬಂದ ಹಣದಲ್ಲಿ ಮಕ್ಕಳ ಒಲೆ ಉರಿಯುತ್ತಿತ್ತು. ‘ಸಹಾಯಾರ್ಥ’ ಎಂಬ ಶಬ್ದವನ್ನು ಆಗ ಬಳಸುತ್ತಿದ್ದರೋ ಇಲ್ಲವೋ, ಕೆಲಸವಂತೂ ಅದೇ.

ಧಾರವಾಡ ಸೀಮೆಯೊಂದಿಗೆ ಖಾನ್ ಸಾಹೇಬರ ನಂಟನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕುಂದಗೋಳದ ರಾಮಭಾವು ಕುಂದಗೋಳಕರ ಅವರ ಶಿಷ್ಯರಾಗಿ, ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದರು. ಖಾನ್ ಸಾಹೇಬರು ಹಾಡಿದ ಝಿಂಝೋಟಿಯ ಧ್ವನಿಮುದ್ರಿಕೆಯನ್ನು ಕೇಳಿದ ಗದಗಿನ ಹುಡುಗನೊಬ್ಬ ಹನ್ನೊಂದರ ಹರೆಯದಲ್ಲಿ ಗುರುವನ್ನು ಅರಸಿ ಮನೆ ಬಿಟ್ಟ. ಅಲೆದಲೆದು ಕೊನೆಗೆ ಸವಾಯಿ ಗಂಧರ್ವರ ಪಾದ ಸೇರಿದ. ಆ ಹುಡುಗ ಭೀಮಸೇನ ಜೋಶಿ. ಗುರುಗಳು 1952ರಲ್ಲಿ ನಿಧನರಾದ ಮರುವರ್ಷ ಪುಣೆಯಲ್ಲಿ ಅವರ ಪುಣ್ಯತಿಥಿಯ ನಿಮಿತ್ತ ಆರಂಭವಾದ ಸಂಗೀತೋತ್ಸವವೇ ಇಂದಿಗೂ ಡಿಸೆಂಬರಿನಲ್ಲಿ ಸಾವಿರಾರು ರಸಿಕರನ್ನು ಒಂದೆಡೆ ಕೂಡಿಸುತ್ತದೆ. ಅದು ಗುರುಸ್ಮರಣೆಗಾಗಿ ಹುಟ್ಟಿದ ಉತ್ಸವ, ದಾನಸಂಗ್ರಹಕ್ಕಲ್ಲ. ಆದರೆ ನೂರು ವರ್ಷಗಳ ಹಿಂದೆ ಯಾರೋ ಕೊಂಡ ಟಿಕೆಟು ಯಾವುದೋ ಹುಡುಗನ ಊಟವಾಗದೇ ಹೋಗಿದ್ದರೆ ಆ ಮಂಟಪದಲ್ಲಿ ನಾವು ಇಂದು ಏನನ್ನು ಕೇಳುತ್ತಿದ್ದೆವೋ ಹೇಳಲಾಗದು.

ಅದೇ ಕಾಲದ ಇನ್ನೊಂದು ಪ್ರಸಂಗವಿದೆ. 1921ರ ಜುಲೈ 8ರಂದು ಮುಂಬಯಿಯಲ್ಲಿ ಟಿಳಕ ಸ್ವರಾಜ್ಯ ನಿಧಿಗಾಗಿ ‘ಮಾನಾಪಮಾನ’ ನಾಟಕದ ಸಂಯುಕ್ತ ಪ್ರಯೋಗ ನಡೆಯಿತು. ಬಾಲಗಂಧರ್ವರ ಮಂಡಳಿಯೂ ಕೇಶವರಾವ ಭೋಸಲೆಯವರ ಲಲಿತಕಲಾದರ್ಶವೂ ಪರಸ್ಪರ ಸ್ಪರ್ಧಿಗಳು. ನಿಧಿಯ ನೆವದಲ್ಲಿ ಬಾಲಗಂಧರ್ವರು ಭಾಮಿನಿಯಾಗಿ, ಭೋಸಲೆಯವರು ಧೈರ್ಯಧರನಾಗಿ ಒಂದೇ ರಂಗದ ಮೇಲೆ ನಿಂತರು. ಭೋಸಲೆಯವರು ಅದೇ ವರ್ಷ ತೀರಿಕೊಂಡರು. ಲಲಿತಕಲಾದರ್ಶ 1908ರಲ್ಲಿ ಜನ್ಮ ತಾಳಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಮರಾಠಿ ಮಿತ್ರರಿಗೆ ಆಗಾಗ ನೆನಪಿಸುವುದರಲ್ಲಿ ತಪ್ಪೇನೂ ಇಲ್ಲ.

ಎಲ್ಲ ಪ್ರಯತ್ನಗಳೂ ಹೀಗೆ ಫಲಿಸಲಿಲ್ಲ. ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು, 1908ರಲ್ಲಿ ಮುಂಬಯಿಗೆ ಬಂದರು. ಅವರ ವಿದ್ಯಾಲಯಕ್ಕೂ ಕಛೇರಿಗಳ ಹಣವೇ ಆಧಾರ. ಆದರೆ ಮುಂಬಯಿಯ ಕಟ್ಟಡಕ್ಕೆ ಮಾಡಿದ ಸಾಲ ತೀರಲಿಲ್ಲ, ಕಡೆಗೆ ಕಟ್ಟಡ ಹರಾಜಾಯಿತು. ಕಛೇರಿಯ ಹಣ ಒಂದು ಸಂಜೆ ಬಂದು ಮುಗಿಯುವಂಥದು, ಸಾಲದ ಬಡ್ಡಿಗೆ ಸಂಜೆ, ಮುಂಜಾನೆಗಳೆಂಬುದಿಲ್ಲ. ಸಹಾಯಾರ್ಥ ಕಾರ್ಯಕ್ರಮದ ಬಲದ ಮೇಲೆ ಕಟ್ಟಡ ಕಟ್ಟಲು ಹೊರಟವರು ಈ ಕಥೆಯನ್ನು ಒಮ್ಮೆ ಓದಬೇಕು. ಕಟ್ಟಡ ಹೋದರೂ ಶಿಷ್ಯರು ಉಳಿದರು. ಅವರಲ್ಲೊಬ್ಬರಾದ ವಿನಾಯಕರಾವ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು.

ಆದರೆ ಕಲೆಯ ಗಳಿಕೆಯಿಂದ ಮಕ್ಕಳನ್ನು ಸಲಹಿದ ಅತಿ ದೀರ್ಘವಾದ ಉದಾಹರಣೆಗೆ ಗದಗಿಗೇ ಹೋಗಬೇಕು. ಅಂಧ ಗಾಯಕರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದರ ಹೊಟ್ಟೆಪಾಡಿಗೆ ನಾಟಕ ಕಂಪನಿಯೂ ಆಸರೆಯಾಯಿತು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡ ಮೇಲೆ, ಗುರುಗಳ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಆ ಹೊಣೆಯನ್ನು ಹೊತ್ತರು. ತಾವೂ ಅಂಧರಾಗಿದ್ದು ನಾಟಕಗಳನ್ನು ರಚಿಸಿದರು, ಹಾರ್ಮೋನಿಯಂ ನುಡಿಸಿದರು, ಪಾತ್ರವನ್ನೂ ವಹಿಸಿದರು. ಜಾತ್ರೆಯ ಬಯಲಿನಲ್ಲಿ ಚಾಪೆಯ ಮೇಲೆ ಕುಳಿತು ನಾಟಕ ನೋಡಿದ ರೈತನ ಟಿಕೆಟಿನ ಹಣ ಆಶ್ರಮದ ಮಕ್ಕಳ ರೊಟ್ಟಿಯಾಯಿತು. ಭಕ್ತರು ಮಾಡಿಸಿದ ತುಲಾಭಾರದ ಹಣವೂ ಅಲ್ಲಿಗೇ ಸೇರಿತು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ರಸಿಕರ ಮನಗೆದ್ದ ವೆಂಕಟೇಶಕುಮಾರರು ಆಶ್ರಮದಲ್ಲಿ ಹನ್ನೆರಡು ವರ್ಷಗಳಷ್ಟು ಕಾಲ ಕಲಿತವರು. ಇಲ್ಲಿ ಗಮನಿಸಬೇಕಾದುದು ಆ ಹನ್ನೆರಡು ವರ್ಷ. ಒಬ್ಬ ಗಾಯಕನನ್ನು ರೂಪಿಸಲು ಅಷ್ಟು ಕಾಲ ಪ್ರತಿದಿನವೂ ಅನ್ನ, ಬಟ್ಟೆ, ಪಾಠ ಬೇಕು. ಒಂದು ಸಂಜೆಯ ಕಾರ್ಯಕ್ರಮ ಅದರಲ್ಲಿ ಎಷ್ಟು ದಿನಗಳನ್ನು ತುಂಬಬಲ್ಲದು?

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಆರುನೂರು ಆಸನಗಳ ಸಭಾಗೃಹ, ಟಿಕೆಟಿಗೆ 300 ರೂಪಾಯಿ. ನಾಲ್ಕುನೂರು ಟಿಕೆಟು ಖರ್ಚಾದರೆ 1,20,000 ರೂಪಾಯಿ. ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಕಲಾವಿದರ ಪ್ರಯಾಣ, ವಸತಿ, ಸಂಭಾವನೆ, ಮುದ್ರಣ, ಚಹಾ-ಉಪಾಹಾರ ಎಲ್ಲ ಸೇರಿ 80,000 ಆಯಿತೆನ್ನಿ. ಉಳಿಯುವುದು 40,000. ತಿಂಗಳಿಗೆ ಹತ್ತು ಸಾವಿರ ಪಡೆಯುವ ತಬಲಾ ಶಿಕ್ಷಕರೊಬ್ಬರಿಗೆ ನಾಲ್ಕು ತಿಂಗಳ ವೇತನ. ಹೂಮಾಲೆ, ಸ್ಮರಣಿಕೆ, ಶಾಲುಗಳ ಸಂಖ್ಯೆ ಏರಿದಂತೆ ಈ ನಾಲ್ಕು ಮೂರಾಗುತ್ತದೆ, ಎರಡಾಗುತ್ತದೆ. ಅತಿಥಿಗಳ ಸತ್ಕಾರ ಮುಗಿಯುವ ಹೊತ್ತಿಗೆ ಮಕ್ಕಳ ಪಾಲಿಗೆ ಚಪ್ಪಾಳೆ ಮಾತ್ರ ಉಳಿದ ಸಂದರ್ಭಗಳೂ ಇಲ್ಲದಿಲ್ಲ. ಆದ್ದರಿಂದ ಅನುಭವಿ ಸಂಘಟಕರು ಖರ್ಚನ್ನು ಪ್ರಾಯೋಜಕರಿಂದ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಹಾಗೆ ಮಾಡಿದಾಗ ಟಿಕೆಟಿನ ಪೂರ್ಣ ಮೊತ್ತ ಉದ್ದೇಶಕ್ಕೆ ಸಲ್ಲುತ್ತದೆ.

ಖರ್ಚು ಉಳಿಸುವ ಹೆಸರಿನಲ್ಲಿ ಕಲಾವಿದರಿಂದ ಪುಕ್ಕಟೆ ಹಾಡಿಸುವ ರೂಢಿಯನ್ನು ಮಾತ್ರ ನಾವು ಒಪ್ಪಲಾರೆವು. ಖ್ಯಾತನಾಮರು ಸ್ವಸಂತೋಷದಿಂದ ಸಂಭಾವನೆ ಬಿಟ್ಟುಕೊಡುವುದು ಬೇರೆ ಮಾತು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಗೆ ಹಾಡಿ ಸತ್ಕಾರ್ಯಗಳಿಗೆ ಕೂಡಿಸಿಕೊಟ್ಟ ನಿಧಿ ಅಪಾರ. 1974ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದುದು ಸಾರ್ವಜನಿಕ ಸೇವೆಗಾಗಿ. ಆದರೆ ತಬಲಾ, ಹಾರ್ಮೋನಿಯಂ ಸಾಥಿದಾರರಿಗೆ, ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯೆಗೆ ಆ ಸಂಜೆಯೇ ಸಂಪಾದನೆ. ಯುವ ಕಲಾವಿದರ ಹೆಸರಿನಲ್ಲಿ ಹಣ ಕೂಡಿಸಿ ಯುವ ಕಲಾವಿದರನ್ನೇ ಬರಿಗೈಯಲ್ಲಿ ಕಳುಹಿಸುವುದು ಯಾವ ನ್ಯಾಯ?

ಕಾನೂನಿನ ಕೆಲವು ಅಂಶಗಳನ್ನು ಸಂಕ್ಷಿಪ್ತವಾಗಿ ಹೇಳುತ್ತೇವೆ. ಪುಣೆಯಲ್ಲಿ ಧರ್ಮಾರ್ಥ ಸಂಸ್ಥೆಯೆಂದರೆ ಸಾಮಾನ್ಯವಾಗಿ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಅಧಿನಿಯಮ, 1950ರ ಅನ್ವಯ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾದ ಟ್ರಸ್ಟ್. ಅದರ ನೋಂದಣಿ ಸಂಖ್ಯೆ ಆಮಂತ್ರಣದಲ್ಲಿರುವುದು ಒಳ್ಳೆಯ ಲಕ್ಷಣ. ಹಿಂದಿನ ಮನರಂಜನಾ ತೆರಿಗೆ 2017ರಲ್ಲಿ ಜಿಎಸ್‌ಟಿಯಲ್ಲಿ ಲೀನವಾಯಿತು. ಸಂಗೀತ ಕಾರ್ಯಕ್ರಮದ ಟಿಕೆಟಿಗೆ ತೆರಿಗೆ ವಿನಾಯಿತಿಯ ಮಿತಿಯನ್ನು 2018ರ ಜನವರಿಯಲ್ಲಿ 250 ರೂಪಾಯಿಯಿಂದ 500ಕ್ಕೆ ಏರಿಸಲಾಯಿತು. ‘80ಜಿ’ ಎಂದು ಜನಜನಿತವಾದ ಆದಾಯ ತೆರಿಗೆಯ ರಿಯಾಯಿತಿಯ ಬಗ್ಗೆ ಗೊಂದಲ ಹೆಚ್ಚು. ಪ್ರವೇಶಕ್ಕಾಗಿ ಕೊಟ್ಟ ಟಿಕೆಟಿನ ಬೆಲೆ ದಾನವೆನಿಸುವುದಿಲ್ಲ, ಪ್ರತಿಫಲವಿಲ್ಲದೆ ಕೊಟ್ಟದ್ದು ಮಾತ್ರ ದಾನ. ಅದೂ 2,000 ರೂಪಾಯಿ ಮೀರಿದರೆ ನಗದಿನಲ್ಲಿ ಕೊಟ್ಟದ್ದಕ್ಕೆ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಂತೂ ಸಿಗುವುದೇ ಇಲ್ಲ. ಇನ್ನೊಂದು ವಿಷಯ ಅನೇಕರಿಗೆ ಅಚ್ಚರಿ ತರುತ್ತದೆ. ಹವ್ಯಾಸಿ ಸಂಘವೊಂದು ಉಚಿತವಾಗಿ ಅಥವಾ ಧಾರ್ಮಿಕ ಸಂಸ್ಥೆಯ ನೆರವಿಗಾಗಿ ಹಾಡಿದರೆ ಕೃತಿಸ್ವಾಮ್ಯದ ಕಾನೂನು ಅಡ್ಡಿ ಬರುವುದಿಲ್ಲ. ಆದರೆ ಟಿಕೆಟು ಇಟ್ಟು, ಗಿಡ ನೆಡುವ ಸಂಸ್ಥೆಗಾಗಿ ಚಿತ್ರಗೀತೆಗಳನ್ನು ಹಾಡಿದರೆ ಆ ವಿನಾಯಿತಿ ಅನ್ವಯಿಸದು, ಪರವಾನಗಿ ಪಡೆಯಬೇಕು.

ಕಾಗದಪತ್ರಗಳನ್ನು ಮೊದಲೇ ಸರಿಪಡಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಜಗತ್ಪ್ರಸಿದ್ಧವಾದ ದೃಷ್ಟಾಂತವಿದೆ. 1971ರ ಆಗಸ್ಟ್ 1ರಂದು ರವಿಶಂಕರ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಾರ್ಯಕ್ರಮ ನಡೆಸಿದರು. ಅಲಿ ಅಕ್ಬರ್ ಖಾನ್, ಅಲ್ಲಾರಖಾ ಜೊತೆಗಿದ್ದರು. ಟಿಕೆಟಿನಿಂದ ಬಂದ ಸುಮಾರು ಎರಡೂವರೆ ಲಕ್ಷ ಡಾಲರ್ ಕೆಲವೇ ದಿನಗಳಲ್ಲಿ ಯುನಿಸೆಫ್‌ಗೆ ತಲುಪಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಹಣದ ಬಹುಭಾಗ ಸುಮಾರು ಹತ್ತು ವರ್ಷ ತೆರಿಗೆ ಇಲಾಖೆಯ ತಕರಾರಿನಲ್ಲಿ ಸಿಲುಕಿತು. ಕಾರ್ಯಕ್ರಮಕ್ಕೆ ಮೊದಲೇ ಧರ್ಮಾರ್ಥ ವಿನಾಯಿತಿಗೆ ಅರ್ಜಿ ಹಾಕಿರಲಿಲ್ಲವೆಂಬುದೇ ಕಾರಣ. ಹಸಿದ ಮಗುವಿಗೆ ಹತ್ತು ವರ್ಷವೆಂದರೇನು!

ಕಲೆ, ನಿಸರ್ಗ, ಸ್ವಾಸ್ಥ್ಯ ಈ ಮೂರು ಉದ್ದೇಶಗಳ ಅಗತ್ಯಗಳು ಒಂದೇ ರೀತಿಯವಲ್ಲ. ಕಲೆಯ ವಿಷಯ ಮೇಲೆ ಬಂದಿದೆ. ನಿಸರ್ಗದ ಕೆಲಸದಲ್ಲಿ ಗಿಡ ಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಭಾಗ. ವೇತಾಳ ಟೇಕಡಿಯಂತಹ ಗುಡ್ಡದ ತೆಳುಮಣ್ಣಿನಲ್ಲಿ ನೆಟ್ಟ ಸಸಿಗೆ ಎರಡು ಮೂರು ಬೇಸಿಗೆ ನೀರು ಹೊರಬೇಕು, ದನಗಳಿಂದಲೂ ಬೆಂಕಿಯಿಂದಲೂ ಕಾಪಾಡಬೇಕು. ಇಲ್ಲಿಯ ಗುಡ್ಡಗಳಲ್ಲಿ ಬೇಗ ಹಸಿರು ಕಾಣಲೆಂದು ಹಿಂದೆ ನೆಟ್ಟ ಪರದೇಶಿ ಗ್ಲಿರಿಸಿಡಿಯಾ ಈಗ ಎಲ್ಲೆಡೆ ಹಬ್ಬಿದೆ. ಅದರ ನೆರಳಿನಲ್ಲಿ ಸ್ಥಳೀಯ ಸಸ್ಯಗಳು ಸೊರಗುತ್ತವೆಂದು ಪರಿಸರತಜ್ಞರು ದೂರುತ್ತಾರೆ. ಆದ್ದರಿಂದ ಕಾರ್ಯಕ್ರಮದ ವೇದಿಕೆಯಿಂದ ಎಷ್ಟು ಸಾವಿರ ಗಿಡ ನೆಡುತ್ತೇವೆಂದು ಘೋಷಿಸಿದಾಗ, ಯಾವ ಗಿಡ, ಮೂರನೆಯ ಬೇಸಿಗೆಯಲ್ಲಿ ನೀರೆರೆಯುವವರಾರು ಎಂದು ಕೇಳಬೇಕು.

ಸ್ವಾಸ್ಥ್ಯದ ಕ್ಷೇತ್ರದಲ್ಲಿ ಪುಣೆಗೆ ಮುಕ್ತಾಂಗಣದಂತಹ ಮೇಲ್ಪಂಕ್ತಿಯಿದೆ. ಮನೋವೈದ್ಯೆ ಅನಿತಾ ಅವಚಟ ಹಾಗೂ ಲೇಖಕ ಅನಿಲ ಅವಚಟ ದಂಪತಿ 1986ರಲ್ಲಿ ಈ ವ್ಯಸನಮುಕ್ತಿ ಕೇಂದ್ರವನ್ನು ಆರಂಭಿಸಿದಾಗ ಬೆನ್ನಿಗೆ ನಿಂತದ್ದು ಪು. ಲ. ದೇಶಪಾಂಡೆಯವರ ಪ್ರತಿಷ್ಠಾನ. ಒಂದು ಕಾಲಕ್ಕೆ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಪು. ಲ. ಅವರು ರಂಗದ ಮೇಲೆ ಜನರನ್ನು ನಗಿಸಿ ಗಳಿಸಿದ್ದರ ದೊಡ್ಡ ಪಾಲನ್ನು ಪತ್ನಿ ಸುನೀತಾಬಾಯಿಯವರೊಡನೆ ಪ್ರತಿಷ್ಠಾನದ ಮೂಲಕ ಇಂತಹ ಕಾರ್ಯಗಳಿಗೆ ಸಲ್ಲಿಸಿದರು. ಇಲ್ಲಿ ಪ್ರತಿ ಬಾರಿಯೂ ಹೊಸ ಕಾರ್ಯಕ್ರಮ, ಹೊಸ ಟಿಕೆಟು ಎಂಬ ಧಾವಂತವಿರಲಿಲ್ಲ. ಗಳಿಕೆ ಒಂದೆಡೆ ನಿಂತು, ಯೋಗ್ಯವಾದ ಕೆಲಸ ಎದುರಾದಾಗ ಹರಿಯಿತು. ವ್ಯಸನ ಬಿಡುವವನ ಚಿಕಿತ್ಸೆ ಕಾರ್ಯಕ್ರಮದ ದಿನಾಂಕವನ್ನು ಕಾಯಲಾರದಷ್ಟೆ.

ಹಾಗಾದರೆ ಟಿಕೆಟ್ ಪುಸ್ತಕ ಬಾಗಿಲಿಗೆ ಬಂದಾಗ ನಾವು ಕೇಳಬೇಕಾದುದು ಇಷ್ಟು: ಸಂಸ್ಥೆ ಯಾವುದು, ಖರ್ಚು ಯಾರದು, ಹಣ ಯಾವ ಕೆಲಸಕ್ಕೆ, ಲೆಕ್ಕವನ್ನು ಯಾವಾಗ, ಎಲ್ಲಿ ತಿಳಿಸುತ್ತೀರಿ? ಕೇಳಿದರೆ ಬಂದವರು ಮುನಿಸಿಕೊಂಡಾರೆಂಬ ದಾಕ್ಷಿಣ್ಯ ಬೇಡ. ಒಳ್ಳೆಯ ಸಂಘಟಕರಿಗೆ ಈ ಪ್ರಶ್ನೆಗಳ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಇನ್ನು ಟಿಕೆಟು ಕೊಂಡು ಅಂದು ಹೋಗಲಾಗದಿದ್ದವರು ಅದನ್ನು ಮೇಜಿನ ಖಾನೆಯಲ್ಲಿಟ್ಟು ಮರೆಯದೆ, ಸಂಗೀತ ಕಲಿಯುತ್ತಿರುವ ನೆರೆಮನೆಯ ಮಗುವಿನ ಕೈಗಾದರೂ ಕೊಡಬಹುದು. ಮುಂದಿನ ಸಾಲುಗಳು ಖಾಲಿಯಿದ್ದಾಗ ಹಾಡುವವರ ಉತ್ಸಾಹ ಕುಗ್ಗುವುದನ್ನು ನಾವೆಲ್ಲರೂ ಕಂಡಿದ್ದೇವೆ.