ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಸ್ವಯಂ ನಿರ್ವಹಣೆ

ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಸ್ವಯಂ ನಿರ್ವಹಣೆ ಎಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಟೂ-ಸ್ಟ್ರೋಕ್ ಬೈಕುಗಳನ್ನು ಮಾಲೀಕರೇ ಶುಚಿಗೊಳಿಸಿ, ಹೊಂದಿಸಿ, ದುರಸ್ತಿ ಮಾಡಿ, ಅಗತ್ಯವಿದ್ದಲ್ಲಿ ಸುಧಾರಿಸಿ ಸುಸ್ಥಿತಿಯಲ್ಲಿ ಇರಿಸಿಕೊಳ್ಳುವ ರೂಢಿ. ಕಾರ್ಖಾನೆಯು 1996ರಲ್ಲಿ ಮುಚ್ಚಿದ ನಂತರ ಈ ಬೈಕುಗಳಿಗೆ ತಯಾರಕರ ಅಧಿಕೃತ ಸೇವೆ ಇಲ್ಲವಾಯಿತು. ಆದರೂ ಮಂಡ್ಯ, ಮದ್ದೂರು, ಮಳವಳ್ಳಿ ಸೇರಿದಂತೆ ಹಳೆಯ ಮೈಸೂರು ಭಾಗದ ರಸ್ತೆಗಳಲ್ಲಿ ಅವು ಇಂದಿಗೂ ಕಾಣಸಿಗುತ್ತವೆ. ಸಾಮಾನ್ಯ ಉಪಕರಣಗಳಿಂದ ಬಿಚ್ಚಿ ಜೋಡಿಸಬಹುದಾದ ಸರಳ ರಚನೆ ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಕಂಪನಿ. ಫ್ರಾಂಟಿಶೆಕ್ ಯಾನೆಚೆಕ್ ಅವರು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್‌ಸೈಕಲ್ ವಿಭಾಗವನ್ನು ಪಡೆದುಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಎಂಬ ಹೆಸರಾಯಿತು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಸಂಸ್ಥೆಯು 1960ರ ದಶಕದ ಆರಂಭದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಈ ಬೈಕುಗಳನ್ನು ತಯಾರಿಸಿತು. 1973ರಿಂದ ಅವು 'ಯೆಜ್ಡಿ' ಎಂಬ ಹೆಸರಿನಲ್ಲಿ ಮಾರಾಟವಾದವು. ಜಾವಾ 250, ಯೆಜ್ಡಿ 250, ಆಯಿಲ್‌ಕಿಂಗ್, ರೋಡ್‌ಕಿಂಗ್, ಕ್ಲಾಸಿಕ್, ಡಿಲಕ್ಸ್, ಮೊನಾರ್ಕ್ ಇವು ಪ್ರಮುಖ ಮಾದರಿಗಳು.

ಮದ್ರಾಸಿನ ಬಳಿಯ ಶೋಲಾವರಂ ರೇಸುಗಳಲ್ಲಿ ಈ ಬೈಕುಗಳು ಓಡಿದವು. ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆಗಳನ್ನೂ ಹೊತ್ತವು. ಮಹೀಂದ್ರಾ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ಹೊಸ ಬೈಕುಗಳದು ಫೋರ್-ಸ್ಟ್ರೋಕ್ ಎಂಜಿನ್. ಅವುಗಳ ಎಂಜಿನ್ ಭಾಗಗಳು ಹಳೆಯವಕ್ಕೆ ಹೊಂದುವುದಿಲ್ಲ.

ರಚನೆ

250 ಮಾದರಿಗಳಲ್ಲಿ ಸುಮಾರು 249 ಸಿಸಿ ಸಾಮರ್ಥ್ಯದ, ಗಾಳಿಯಿಂದ ತಂಪಾಗುವ ಒಂದೇ ಸಿಲಿಂಡರ್ ಇದೆ. ಅದರಿಂದ ಎರಡು ಹೊಗೆಕೊಳವೆಗಳು ಹೊರಡುತ್ತವೆ. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ವಾಲ್ವ್, ಕ್ಯಾಮ್‌ಶಾಫ್ಟ್, ಟೈಮಿಂಗ್ ಚೈನುಗಳಿಲ್ಲ. ಸಿಲಿಂಡರ್ ಗೋಡೆಯ ರಂಧ್ರಗಳನ್ನು ಪಿಸ್ಟನ್ ತಾನೇ ತೆರೆದು ಮುಚ್ಚುತ್ತದೆ. ಗೇರ್ ಬದಲಿಸುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ ಲಿವರ್ ಆಗುವುದು ಈ ಬೈಕುಗಳ ಗುರುತು. ಹಲವು ಮಾದರಿಗಳಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ಕೂಡ ತಾನಾಗಿ ಬಿಡುತ್ತದೆ.

ಪಿಸ್ಟನ್ ಕೆಳಗಿಳಿಯುವಾಗ ಇಂಧನ ಮತ್ತು ಗಾಳಿಯ ಮಿಶ್ರಣವು ಕ್ರ್ಯಾಂಕ್‌ಕೇಸಿನೊಳಗೆ ಒತ್ತಲ್ಪಟ್ಟು ನಂತರ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸ್ ಗಾಳಿ ಸೋರದಂತೆ ಮುಚ್ಚಿರಬೇಕು. ಕ್ರ್ಯಾಂಕ್‌ಶಾಫ್ಟಿನ ಎರಡೂ ಬದಿಯ ಆಯಿಲ್ ಸೀಲುಗಳು ಈ ಕೆಲಸ ಮಾಡುತ್ತವೆ. ಬೈಕಿನ ಬಹಳಷ್ಟು ದೂರುಗಳ ಮೂಲ ಈ ಎರಡು ರಬ್ಬರ್ ಬಳೆಗಳಲ್ಲಿಯೇ ಇರುತ್ತದೆ.

ನಿಯಮಿತ ನಿರ್ವಹಣೆ

ಇಂಧನ ಮಿಶ್ರಣ: ಆಯಿಲ್‌ಕಿಂಗ್ ಮಾದರಿಗೆ ಪ್ರತ್ಯೇಕ ಆಯಿಲ್ ಪಂಪ್ ಇತ್ತು. ಉಳಿದವುಗಳಲ್ಲಿ ಟೂ-ಸ್ಟ್ರೋಕ್ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಬೇಕು. 1:25 ಪ್ರಮಾಣವೆಂದರೆ ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ. ಎಣ್ಣೆ. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ನಿಗೆ 1:20, ಅಂದರೆ ಲೀಟರಿಗೆ 50 ಮಿ.ಲೀ. ಹಾಕುವ ರೂಢಿಯಿದೆ. ಎಣ್ಣೆ ಹೆಚ್ಚಾದರೆ ಹೊಗೆ ಮತ್ತು ಇಂಗಾಲದ ಮಸಿ ಹೆಚ್ಚುತ್ತವೆ. ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಣ್ಣೆಯು ಪೆಟ್ರೋಲಿನೊಂದಿಗೇ ಎಂಜಿನ್ನಿಗೆ ಸೇರುವುದರಿಂದ ಉದ್ದದ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಗೇರಿನಲ್ಲಿಯೇ ಇಳಿದರೆ ಎಂಜಿನ್ನಿಗೆ ಎಣ್ಣೆ ಸಾಲುವುದಿಲ್ಲ. ಮಳವಳ್ಳಿ, ಕೊಳ್ಳೇಗಾಲದ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಮರಳುವಾಗ ಘಟ್ಟದ ಇಳಿಜಾರಿನಲ್ಲಿ ಆಗಾಗ ಥ್ರಾಟಲನ್ನು ಸ್ವಲ್ಪ ತೆರೆಯಬೇಕೆನ್ನುವುದು ಈ ಕಾರಣಕ್ಕೆ.

ಕಿಡಿ ವ್ಯವಸ್ಥೆ: ಹಳೆಯ ಮಾದರಿಗಳಲ್ಲಿ ಡೈನಮೋ ಮತ್ತು ಕಾಂಟ್ಯಾಕ್ಟ್ ಪಾಯಿಂಟುಗಳು ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ ಇರುತ್ತವೆ. ಪಾಯಿಂಟುಗಳ ಮುಖವನ್ನು ನಯವಾದ ಉಜ್ಜುಕಾಗದದಿಂದ ಶುಚಿಗೊಳಿಸಿ, ಪೂರ್ಣ ತೆರೆದಾಗ ಸುಮಾರು 0.4 ಮಿ.ಮೀ. ಅಂತರ ಇರುವಂತೆ ಫೀಲರ್ ಗೇಜಿನಿಂದ ಹೊಂದಿಸಲಾಗುತ್ತದೆ. ಆ ಮೇಲಷ್ಟೇ ಟೈಮಿಂಗ್ ನೋಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ಬಿಚ್ಚಿದ ರಂಧ್ರದ ಮೂಲಕ ಪಿಸ್ಟನ್ನಿನ ಎತ್ತರವನ್ನು ಅಳೆದು, ಮಾದರಿಯ ಕೈಪಿಡಿಯಲ್ಲಿ ಹೇಳಿದಷ್ಟು ಮಿಲಿಮೀಟರ್ ಮುಂಚಿತವಾಗಿ ಪಾಯಿಂಟ್ ತೆರೆಯುವಂತೆ ಮಾಡುವುದು ಕ್ರಮ. ಪಾಯಿಂಟಿಗೆ ಜೋಡಿಸಿದ ಒಂದು ಪುಟ್ಟ ಬಲ್ಬು ಆ ಕ್ಷಣವನ್ನು ತೋರಿಸಿಕೊಡುತ್ತದೆ. ಪಾಯಿಂಟಿನಲ್ಲಿ ಹೆಚ್ಚು ಕಿಡಿ ಹಾರಿ ಅದು ಬೇಗನೆ ಸುಡುತ್ತಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಪ್ಲಗ್ ಪರೀಕ್ಷೆ: ಸ್ಪಾರ್ಕ್ ಪ್ಲಗ್ಗಿನ ತುದಿ ಕಂದುಬಣ್ಣದಲ್ಲಿದ್ದರೆ ಮಿಶ್ರಣ ಸರಿಯಾಗಿದೆ. ಎಣ್ಣೆಮಯ ಕಪ್ಪು ಬಣ್ಣವು ಇಂಧನ ಅಥವಾ ಎಣ್ಣೆ ಹೆಚ್ಚಾಗಿರುವುದನ್ನು ಸೂಚಿಸಿದರೆ, ಬೂದಿಯಂತಹ ಬಿಳಿ ಬಣ್ಣವು ಇಂಧನ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತಿರುವುದನ್ನು ಸೂಚಿಸುತ್ತದೆ. ಎರಡನೆಯದನ್ನು ಕಡೆಗಣಿಸಿದರೆ ಎಂಜಿನ್ನೇ ಹಾಳಾಗಬಹುದು.

ಮಸಿ ತೆಗೆಯುವುದು: ಸುಡದೆ ಉಳಿದ ಎಣ್ಣೆಯು ಸಿಲಿಂಡರ್ ಹೆಡ್, ಹೊಗೆರಂಧ್ರ ಮತ್ತು ಸೈಲೆನ್ಸರಿನ ಒಳಕೊಳವೆಗಳಲ್ಲಿ ಮಸಿಯಾಗಿ ಕೂರುತ್ತದೆ. ಹೊಗೆಗೆ ದಾರಿ ಕಿರಿದಾದಂತೆ ಬೈಕು ಎಳೆತ ಕಳೆದುಕೊಳ್ಳುತ್ತದೆ. ಒಳಕೊಳವೆಗಳನ್ನು ಹಿಂದಿನಿಂದ ಬಿಚ್ಚಿ ತೆಗೆಯಬಹುದು. ಅವುಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುವಾಗ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಅಲ್ಯೂಮಿನಿಯಮ್ಮನ್ನು ಈ ದ್ರಾವಣ ಕರಗಿಸುವುದರಿಂದ ಪಿಸ್ಟನ್ ಮತ್ತು ಹೆಡ್ಡನ್ನು ಎಂದಿಗೂ ಅದರಲ್ಲಿ ಹಾಕಬಾರದು. ಅವುಗಳ ಮಸಿಯನ್ನು ಮರದ ಅಥವಾ ಬಿದಿರಿನ ಚಕ್ಕೆಯಿಂದ ಕೆರೆದು ತೆಗೆಯಬೇಕು.

ಸೀಲುಗಳ ಪರೀಕ್ಷೆ: ಡೈನಮೋ ಬದಿಯ ಸೀಲು ಸವೆದರೆ ಹೊರಗಿನ ಗಾಳಿ ಒಳನುಗ್ಗಿ, ಥ್ರಾಟಲ್ ಮುಚ್ಚಿದರೂ ಎಂಜಿನ್ ವೇಗ ಇಳಿಯದೆ ಉಳಿಯುತ್ತದೆ. ಕ್ಲಚ್ ಬದಿಯ ಸೀಲು ಸವೆದರೆ ಗೇರ್ ಎಣ್ಣೆಯು ಎಂಜಿನ್ನಿಗೆ ಎಳೆಯಲ್ಪಟ್ಟು ದಟ್ಟವಾದ ಬಿಳಿಹೊಗೆ ಬರುತ್ತದೆ, ಗೇರ್ ಎಣ್ಣೆಯ ಮಟ್ಟವೂ ಕುಸಿಯುತ್ತದೆ. ಈ ಲಕ್ಷಣಗಳಿರುವಾಗ ಕಾರ್ಬ್ಯುರೇಟರನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಸ್ಥಳೀಯ ಪರಿಸ್ಥಿತಿ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಬಹುಭಾಗವು ವಿಶ್ವೇಶ್ವರಯ್ಯ ನಾಲೆಯ ನೀರಾವರಿಗೆ ಒಳಪಟ್ಟಿದೆ. ಕಬ್ಬು, ಭತ್ತದ ಗದ್ದೆಗಳ ನಡುವಿನ ರಸ್ತೆಗಳಲ್ಲಿ ಬೇಸಿಗೆಯಲ್ಲಿ ಧೂಳೂ ಮಳೆಗಾಲದಲ್ಲಿ ಕೆಸರೂ ಸಾಮಾನ್ಯ. ಇಂತಹ ಕಡೆ ಏರ್ ಫಿಲ್ಟರನ್ನು ಬೇಗಬೇಗ ಶುಚಿಗೊಳಿಸಬೇಕಾಗುತ್ತದೆ. ಫಿಲ್ಟರಿಲ್ಲದೆ ಓಡಿಸಿದರೆ ಧೂಳು ನೇರವಾಗಿ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ಸೇರುತ್ತದೆ. ಜಾವಾ 250ರ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದು ಇಲ್ಲಿ ದೊಡ್ಡ ಅನುಕೂಲ. ಅಂದಕ್ಕಾಗಿ ಅದನ್ನು ತೆಗೆದುಹಾಕುವವರು ಚೈನಿನ ಆಯುಷ್ಯವನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ನೀರಿನಲ್ಲಿ ಹಾಯ್ದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಬೇಕು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಹೀಗಾಗಿ ಈ ಬೈಕುಗಳು ಸರ್ವಿಸ್ ರಸ್ತೆಯನ್ನೂ ಊರೊಳಗಿನ ಹಳೆಯ ಹೆದ್ದಾರಿಯನ್ನೂ ಬಳಸುತ್ತವೆ. ಬಿಡಿಭಾಗಗಳಿಗೆ ಮಂಡ್ಯದಿಂದ ಸುಮಾರು 45 ಕಿ.ಮೀ. ದೂರದ ಮೈಸೂರು ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಆಧಾರ.

ಎಥೆನಾಲ್ ಬೆರೆತ ಪೆಟ್ರೋಲ್

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಭಾರತದಲ್ಲಿ ಎಥೆನಾಲ್ ತಯಾರಿಕೆಗೆ ಕಬ್ಬು ಮುಖ್ಯ ಕಚ್ಚಾವಸ್ತುಗಳಲ್ಲೊಂದು. ಕಬ್ಬಿಗೆ ಹೆಚ್ಚು ಬೇಡಿಕೆ ಬರುವುದು ಮಂಡ್ಯದ ಬೆಳೆಗಾರರಿಗೆ ಅನುಕೂಲವಾದರೂ ಅದೇ ಇಂಧನವು ಹಳೆಯ ಎಂಜಿನ್ನುಗಳಿಗೆ ಮೂರು ತೊಡಕುಗಳನ್ನು ಒಡ್ಡುತ್ತದೆ.

ಮೊದಲನೆಯದು, ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಮೂಲಕ ಹರಿಯುವ ಇಂಧನವು ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಕಡಿಮೆ ಬೀಳುತ್ತದೆ; ಎಂಜಿನ್ ಹೆಚ್ಚು ಕಾಯುತ್ತದೆ. ಪ್ಲಗ್ ಬಿಳಿಯಾಗುತ್ತಿದ್ದರೆ ಮುಖ್ಯ ಜೆಟ್ಟನ್ನು ಒಂದು ಅಳತೆ ಹಿಗ್ಗಿಸುವುದು ಪರಿಹಾರ. ಎರಡನೆಯದು, ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆ ಪದರದಲ್ಲಿ ಟೂ-ಸ್ಟ್ರೋಕ್ ಎಣ್ಣೆ ಸರಿಯಾಗಿ ಬೆರೆಯುವುದಿಲ್ಲ, ಎಂಜಿನ್ನಿಗೆ ಮೊದಲು ಹರಿಯುವುದೂ ಅದೇ. ಮೂರನೆಯದು, ಹಳೆಯ ರಬ್ಬರ್ ಕೊಳವೆ ಮತ್ತು ವಾಷರುಗಳು ಉಬ್ಬಿ ಬಿರಿಯುತ್ತವೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಎಥೆನಾಲ್ ತಾಳುವ ಕೊಳವೆಗಳನ್ನು ಹಾಕುವುದು, ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರನ್ನು ಬರಿದು ಮಾಡುವುದು, ಬೆರೆಸಿದ ಇಂಧನವನ್ನು ಬಹುಕಾಲ ಇಡದಿರುವುದು ಇದಕ್ಕೆ ಮುನ್ನೆಚ್ಚರಿಕೆಗಳು.

ಸುಧಾರಣೆಗಳು

ಸುಧಾರಣೆಗಳಲ್ಲಿ ಎರಡು ಬಗೆಗಳಿವೆ: ಮತ್ತೆ ಮೂಲ ಸ್ಥಿತಿಗೆ ತರಬಹುದಾದವು ಮತ್ತು ತರಲಾಗದವು. 6 ವೋಲ್ಟ್ ಡೈನಮೋ ಬದಲು 12 ವೋಲ್ಟ್ ಆಲ್ಟರ್ನೇಟರ್, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ, ಹೆಚ್ಚು ಬೆಳಕಿನ ಬಲ್ಬು, ಉತ್ತಮ ಟೈರುಗಳು ಮೊದಲ ಬಗೆಯವು. ತೆಗೆದ ಮೂಲ ಭಾಗಗಳನ್ನು ಎಣ್ಣೆ ಸವರಿ ಕಾಪಿಟ್ಟರೆ ಯಾವಾಗ ಬೇಕಾದರೂ ಮರಳಿ ಹಾಕಬಹುದು. ವೋಲ್ಟೇಜ್ ಬದಲಿಸಿದಾಗ ಬ್ಯಾಟರಿಯೊಂದಿಗೆ ಬಲ್ಬುಗಳನ್ನೂ ಹಾರನ್ನನ್ನೂ ಬದಲಿಸಬೇಕು.

ಚಾಸಿ ಕತ್ತರಿಸುವುದು, ಸಿಲಿಂಡರಿನ ರಂಧ್ರಗಳನ್ನು ಉಜ್ಜಿ ಹಿಗ್ಗಿಸುವುದು, ಡಿಸ್ಕ್ ಬ್ರೇಕಿಗಾಗಿ ಬೇರೆ ಬೈಕಿನ ಫೋರ್ಕ್ ಬೆಸೆಯುವುದು ಎರಡನೆಯ ಬಗೆಯವು. ಕಾರ್ಖಾನೆ ಮುಚ್ಚಿರುವುದರಿಂದ ಹೀಗೆ ಕೆಡಿಸಿದ ಮೂಲ ಭಾಗಕ್ಕೆ ಬದಲಿ ಸಿಗುವುದು ಕಷ್ಟ. ಸಿಲಿಂಡರ್ ಬೋರ್ ಮಾಡಿಸುವುದು ಹಾಗೂ ಕ್ರ್ಯಾಂಕ್‌ಶಾಫ್ಟನ್ನು ಒತ್ತಿ ನೇರಗೊಳಿಸುವುದು ಮನೆಯಲ್ಲಿ ಆಗದ ಕೆಲಸಗಳು. ಅವುಗಳಿಗೆ ನುರಿತ ಲೇತ್ ಅಂಗಡಿಯೇ ಬೇಕು. ಸಾಮಾನ್ಯವಾಗಿ 0.25 ಮಿ.ಮೀ. ಅಂತರದ ದಪ್ಪ ಪಿಸ್ಟನ್ನುಗಳು ಬಳಕೆಯಲ್ಲಿವೆ. ಪ್ರತಿ ಬೋರ್ ಒಂದು ಅವಕಾಶವನ್ನು ಮುಗಿಸುವುದರಿಂದ ಅಗತ್ಯವಿಲ್ಲದೆ ಮಾಡಿಸುವುದು ಸಿಲಿಂಡರಿನ ಆಯುಷ್ಯವನ್ನು ಕುಗ್ಗಿಸುತ್ತದೆ.

ಕಾನೂನಿನ ಮಿತಿಗಳು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಒಳಕೊಳವೆ ತೆಗೆದು ಸದ್ದು ಹೆಚ್ಚಿಸುವುದೂ ಶಿಕ್ಷಾರ್ಹ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಅನಂತರ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಿಸಬೇಕು. ಮಂಡ್ಯದ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-11. ಕಾರ್ಖಾನೆಯ ಕೊನೆಯ ಬೈಕುಗಳೂ 15 ವರ್ಷಗಳನ್ನು ದಾಟಿರುವುದರಿಂದ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಪತ್ರದೊಂದಿಗೆ ತಾಳೆಯಾಗುವುದು ನಿರ್ಣಾಯಕ. ಬೇರೆ ಬೈಕಿನ ಎಂಜಿನ್ ಕೂರಿಸಿ ದಾಖಲಿಸದೆ ಬಿಟ್ಟರೆ ತೊಂದರೆ ಎದುರಾಗುವುದು ಇಲ್ಲಿಯೇ.

50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮಗಳು ಅವಕಾಶ ನೀಡಿವೆ. ಅವುಗಳ ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. 1960ರ ದಶಕದ ಜಾವಾಗಳು ವಯಸ್ಸಿನ ದೃಷ್ಟಿಯಿಂದ ಇದಕ್ಕೆ ಅರ್ಹ. ಆದರೆ ಚಾಸಿ ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿದ್ದರೆ ಅರ್ಹತೆ ತಪ್ಪುತ್ತದೆ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು ಮತ್ತು ನಿರ್ವಹಣೆಯಂತಹ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಆದ್ದರಿಂದ ದಿನನಿತ್ಯ ಹೊಲಕ್ಕೆ, ಪೇಟೆಗೆ ಬೈಕನ್ನು ಬಳಸುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸೂಕ್ತ ಮಾರ್ಗ.

ದಾಖಲೆ ಮತ್ತು ಜ್ಞಾನದ ವರ್ಗಾವಣೆ

ಈ ಬೈಕುಗಳ ದುರಸ್ತಿಯ ಅರಿವು ಬಹುಪಾಲು ಹಿರಿಯ ಮೆಕ್ಯಾನಿಕ್‌ಗಳ ಕೈಯಲ್ಲಿದ್ದು ಬಾಯಿಂದ ಬಾಯಿಗೆ ಸಾಗಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಜಾವಾ–ಯೆಜ್ಡಿ ದಿನದಂದು ಮಾಲೀಕರು ಹಲವು ಊರುಗಳಲ್ಲಿ ಒಟ್ಟುಸೇರುತ್ತಾರೆ. ಮಾಡಿದ ಕೆಲಸದ ದಿನಾಂಕ, ಹಾಕಿದ ಜೆಟ್ಟಿನ ಸಂಖ್ಯೆ, ಪಿಸ್ಟನ್ನಿನ ಅಳತೆ, ಎಣ್ಣೆಯ ಪ್ರಮಾಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಸ್ವಯಂ ನಿರ್ವಹಣೆಯ ಅತ್ಯಂತ ಕಡಿಮೆ ಖರ್ಚಿನ ಭಾಗ. ಬೈಕು ಕೈ ಬದಲಾದಾಗ ಮುಂದಿನವರು ಸಿಲಿಂಡರ್ ಬಿಚ್ಚದೆಯೇ ಅದರಲ್ಲಿ ಇನ್ನೆಷ್ಟು ಬೋರ್ ಉಳಿದಿದೆ ಎಂಬುದನ್ನು ಆ ಪುಸ್ತಕದಿಂದ ತಿಳಿಯಬಹುದು.