ರಾಣಿ ಬಿಟರ್‌ಬ್ಲೂ ಮತ್ತು ಮರೆವೆಂಬ ಮದ್ದು



ಮಕ್ಕಳು ಓದುವ ಕಾದಂಬರಿಯ ಬಗ್ಗೆ ವೈದ್ಯನೊಬ್ಬ ಉಪನ್ಯಾಸ ಮಾಡುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಆದರೆ ರಾಜ-ರಾಣಿಯರ ಕಥೆಯೊಂದು ನನ್ನ ವೃತ್ತಿಯ ಅತ್ಯಂತ ಕಠಿಣವಾದ ಪ್ರಶ್ನೆಯನ್ನೇ ಎತ್ತಿಕೊಂಡಿರುವುದರಿಂದ ಈ ವಿಷಯವನ್ನು ಆರಿಸಿಕೊಂಡೆ. ನೋವಿನ ಸಂಗತಿಯನ್ನು ಮುಚ್ಚಿಟ್ಟರೆ ನೋವು ಗುಣವಾಗುವುದೇ ಎಂಬುದೇ ಆ ಪ್ರಶ್ನೆ.

ಪುಸ್ತಕದ ಹೆಸರು ‘ಬಿಟರ್‌ಬ್ಲೂ’. ಬರೆದವರು ಅಮೆರಿಕದ ಲೇಖಕಿ ಕ್ರಿಸ್ಟಿನ್ ಕ್ಯಾಷೋರ್. 2008ರ ‘ಗ್ರೇಸ್ಲಿಂಗ್’ ಮತ್ತು 2009ರ ‘ಫೈರ್’ ಕಾದಂಬರಿಗಳ ನಂತರ, ಅದೇ ಕಲ್ಪಿತ ಲೋಕವನ್ನು ಕುರಿತು 2012ರಲ್ಲಿ ಪ್ರಕಟವಾದ ಕೃತಿ ಇದು. ಆ ಲೋಕದಲ್ಲಿ ಕೆಲವರು ಎರಡು ಬಣ್ಣದ ಕಣ್ಣುಗಳೊಡನೆ ಬೆಳೆಯುತ್ತಾರೆ. ಅಂಥವರಿಗೆ ಯಾವುದಾದರೊಂದು ಅಸಾಧಾರಣ ಶಕ್ತಿ ಹುಟ್ಟಿನಿಂದಲೇ ಬಂದಿರುತ್ತದೆ. ಮಾನ್‌ಸೀ ರಾಜ್ಯದ ದೊರೆ ಲೆಕ್‌ನ ಶಕ್ತಿ ಭಯಂಕರವಾದದ್ದು. ಅವನು ಏನು ಹೇಳಿದರೂ ಕೇಳಿದವರು ನಂಬುತ್ತಾರೆ. 35 ವರ್ಷ ಆಳಿದ ಈ ದೊರೆ ಗುಟ್ಟಾಗಿ ಜನರನ್ನು ಹಿಂಸಿಸಿ, ನೋವಾಗಲಿಲ್ಲವೆಂದು ಅವರನ್ನೇ ನಂಬಿಸಿ, ನಡೆದುದನ್ನೆಲ್ಲ ಮರೆಯುವಂತೆ ಅಪ್ಪಣೆ ಮಾಡುತ್ತಿದ್ದ.

ಹಿಂದಿನ ಕಾದಂಬರಿಯಲ್ಲಿಯೇ ಲೆಕ್ ಸತ್ತಿದ್ದಾನೆ. ಹತ್ತನೆಯ ವಯಸ್ಸಿಗೇ ಸಿಂಹಾಸನವೇರಿದ ಮಗಳು ಬಿಟರ್‌ಬ್ಲೂಗೆ ಈಗ 18 ವರ್ಷ. ಮಂತ್ರಿಗಳು ಅವಳ ಮುಂದೆ ಕಾಗದಗಳ ರಾಶಿ ಸುರಿದು ಸಹಿ ಹಾಕಿಸಿಕೊಳ್ಳುತ್ತಾರೆ. ಹಿಂದಿನದನ್ನು ಕೆದಕಬಾರದು, ಆ ಕಾಲದ ಅಪರಾಧಗಳಿಗೆಲ್ಲ ಸಾರಾಸಗಟು ಕ್ಷಮೆ ನೀಡಿ ಮುಂದೆ ನೋಡಬೇಕು ಎಂಬುದು ಅವರ ನೀತಿ. ಬೇಸತ್ತ ರಾಣಿ, ನಮ್ಮ ಕಥೆಗಳ ದೊರೆಗಳಂತೆಯೇ, ಮಾರುವೇಷದಲ್ಲಿ ರಾತ್ರಿ ನಗರ ಸಂಚಾರಕ್ಕೆ ಹೊರಡುತ್ತಾಳೆ. ಜನರು ಸೇರಿ ಕಥೆ ಹೇಳುವ ಪಾನಗೃಹಗಳಲ್ಲಿ ಕುಳಿತಾಗ, ಅರಮನೆಯ ಕಡತಗಳಲ್ಲಿರುವ ರಾಜ್ಯವೇ ಬೇರೆ, ಹೊರಗಿರುವ ರಾಜ್ಯವೇ ಬೇರೆ ಎಂಬುದು ಅವಳಿಗೆ ತಿಳಿಯುತ್ತದೆ.

ಮುಂದಿನ ಮಾತಿನಲ್ಲಿ ಕಥೆಯ ಗುಟ್ಟುಗಳನ್ನು ಬಿಟ್ಟುಕೊಡಲೇಬೇಕಾಗಿದೆ, ಓದಬೇಕೆಂದಿರುವವರು ಮನ್ನಿಸಬೇಕು.

ವೈದ್ಯನ ಕಣ್ಣಿಗೆ ಮೊದಲು ಬೀಳುವವರು ಆ ನಾಲ್ವರು ಮಂತ್ರಿಗಳು. ಡಾರ್ಬಿ ಕುಡಿಯುತ್ತಾನೆ. ರೂಡ್ ಆಗಾಗ ನರಗಳ ದೌರ್ಬಲ್ಯದಿಂದ ಹಾಸಿಗೆ ಹಿಡಿಯುತ್ತಾನೆ. ರನ್ನಿಮೂಡ್ ಎತ್ತರದ ಕಿಟಕಿಯ ಅಂಚಿನಲ್ಲಿ, ಬಿದ್ದರೂ ಚಿಂತೆಯಿಲ್ಲವೆಂಬಂತೆ ಕುಳಿತುಕೊಳ್ಳುತ್ತಾನೆ. ರಾಣಿಯನ್ನು ಮಗಳಂತೆ ಪ್ರೀತಿಸುವ ಹಿರಿಯ ಥೀಲ್ ಮಾತಿನ ಮಧ್ಯೆ ಶೂನ್ಯದೃಷ್ಟಿಯಿಂದ ನಿಂತುಬಿಡುತ್ತಾನೆ. ಅವನ ತೋಳುಗಳ ಮೇಲೆ ತಾನೇ ಮಾಡಿಕೊಂಡ ಗಾಯಗಳಿವೆ. ಲೆಕ್ ಇವರನ್ನು ತನ್ನ ಕ್ರೌರ್ಯದಲ್ಲಿ ಬಲವಂತವಾಗಿ ಪಾಲುದಾರರನ್ನಾಗಿ ಮಾಡಿಕೊಂಡಿದ್ದನೆಂದು ಕಡೆಗೆ ತಿಳಿಯುತ್ತದೆ. ಸತ್ಯವನ್ನು ಹುಡುಕುವ ಜನರನ್ನು ಕೊಲ್ಲಿಸುವಷ್ಟು ದೂರಕ್ಕೆ ಇವರನ್ನು ತಳ್ಳಿದುದು ಅಧಿಕಾರದ ಆಸೆಯಲ್ಲ. ತಮ್ಮದೇ ನೆನಪನ್ನು ಎದುರಿಸಲಾರದ ಭಯ. ಥೀಲ್ ಕೊನೆಗೆ ಸೇತುವೆಯಿಂದ ಹಾರಿ ಪ್ರಾಣ ಬಿಡುತ್ತಾನೆ.

ಆಘಾತದ ನಂತರ ಬರುವ ಈ ಮನೋವ್ಯಾಧಿಗೆ ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಪಿ.ಟಿ.ಎಸ್.ಡಿ. ಎಂಬ ಹೆಸರಿನ ಸ್ಥಾನ ದೊರೆತದ್ದು 1980ರಲ್ಲಿ. ದುಃಸ್ವಪ್ನ, ಬೆಚ್ಚಿಬೀಳುವುದು, ಭಾವನೆಗಳು ಮರಗಟ್ಟುವುದು, ನೆನಪನ್ನು ತರುವ ಸ್ಥಳ ಮತ್ತು ಮಾತುಗಳಿಂದ ದೂರ ಸರಿಯುವುದು ಇದರ ಲಕ್ಷಣಗಳು. ಈ ದೂರ ಸರಿಯುವಿಕೆಯನ್ನು ನಾವು ಸುಲಭವಾಗಿ ಚೇತರಿಕೆಯೆಂದು ತಪ್ಪಾಗಿ ತಿಳಿಯುತ್ತೇವೆ. ‘ಈಗ ಆ ಮಾತೇ ಎತ್ತುವುದಿಲ್ಲ, ಸರಿಹೋಗಿದ್ದಾನೆ’ ಎನ್ನುತ್ತೇವೆ. ಮಾತು ಎತ್ತದಿರುವುದೂ ರೋಗದ ಒಂದು ಲಕ್ಷಣವಾಗಿರಬಹುದೆಂಬುದನ್ನು ಕ್ಯಾಷೋರ್ ನಾಲ್ಕು ಪಾತ್ರಗಳ ಮೂಲಕ ಹದಿನೈದು ವರ್ಷದ ಓದುಗರಿಗೂ ತಿಳಿಯುವಂತೆ ತೋರಿಸಿದ್ದಾರೆ. ಇದೇ ಈ ಕೃತಿಯ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ.

ಮಂತ್ರಿಗಳ ನೀತಿ ಕೇವಲ ಕಟ್ಟುಕಥೆಯಲ್ಲ. 1975ರಲ್ಲಿ ಫ್ರಾಂಕೋ ಸತ್ತ ಮೇಲೆ ಸ್ಪೇನ್ 1977ರಲ್ಲಿ ಸಾಮೂಹಿಕ ಕ್ಷಮಾದಾನದ ಕಾನೂನು ಮಾಡಿ ಹಿಂದಿನದರ ಬಗ್ಗೆ ಮೌನ ವಹಿಸಿತು. ಆ ಮೌನವನ್ನು ಮುರಿಯುವ ಐತಿಹಾಸಿಕ ಸ್ಮೃತಿಯ ಕಾನೂನು ಬಂದದ್ದು 2007ರಲ್ಲಿ. ದಕ್ಷಿಣ ಆಫ್ರಿಕ 1995ರ ಕಾನೂನಿನ ಮೂಲಕ ಬೇರೆ ದಾರಿ ಹಿಡಿದು, ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಆಯೋಗದ ಮುಂದೆ ನೊಂದವರು ಮಾತನಾಡುವಂತೆ ಮಾಡಿತು. ವೈದ್ಯಶಾಸ್ತ್ರವೂ ಇಂಥದೇ ಹಾದಿ ಸವೆಸಿದೆ. 1961ರ ಸಮೀಕ್ಷೆಯೊಂದರಲ್ಲಿ ಅಮೆರಿಕದ ಸುಮಾರು ಶೇಕಡಾ 90ರಷ್ಟು ವೈದ್ಯರು ರೋಗಿಗೆ ಕ್ಯಾನ್ಸರ್ ಇದೆಯೆಂದು ಹೇಳದಿರುವುದೇ ಲೇಸೆಂದಿದ್ದರು. 1979ರಲ್ಲಿ ಅದೇ ಪ್ರಶ್ನೆ ಕೇಳಿದಾಗ ಶೇಕಡಾ 97ರಷ್ಟು ಮಂದಿ ಹೇಳುವುದೇ ಲೇಸೆಂದರು.

ನಮ್ಮ ಮನೆಗಳಲ್ಲಿ ಈ ಬದಲಾವಣೆ ಇನ್ನೂ ಪೂರ್ಣವಾಗಿಲ್ಲ. ‘ಅಜ್ಜಿಗೆ ಹೇಳಬೇಡಿ ಡಾಕ್ಟ್ರೇ’, ‘ಮಕ್ಕಳಿಗೆ ತಿಳಿಯುವುದು ಬೇಡ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಊರಿನಲ್ಲಿ ತೀರಿಕೊಂಡ ಚಿಕ್ಕಪ್ಪನ ಆತ್ಮಹತ್ಯೆ, ಮುರಿದ ಮದುವೆ, ಯಾರದೋ ಮನೋರೋಗ, ಎಲ್ಲವೂ ಸಮುದ್ರ ದಾಟುವಾಗ ಪೆಟ್ಟಿಗೆಯ ತಳ ಸೇರುತ್ತವೆ. ಆದರೆ ಮಕ್ಕಳು ದಡ್ಡರಲ್ಲ. ನಾವು ಒಮ್ಮೆಲೆ ಮಾತು ಬದಲಿಸಿದಾಗ ಅಲ್ಲೇನೋ ಇದೆಯೆಂದು ಅವರಿಗೆ ತಿಳಿಯುತ್ತದೆ. ತಿಳಿಯದಿರುವುದು ಅದೇನೆಂಬುದು ಮಾತ್ರ; ಆ ಜಾಗವನ್ನು ಅವರ ಊಹೆ ತುಂಬುತ್ತದೆ.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಅವಳು ನಿದ್ರಿಸುವಾಗ ಅವು ಹೊರಬಿದ್ದು, ಕಥೆ ಬಾಗಿಲಲ್ಲಿ ಜೋಡಿ ಪಾದರಕ್ಷೆಯಾಗಿಯೂ, ಹಾಡು ಗಂಡಸಿನ ಕೋಟಾಗಿಯೂ ಕಾಣಿಸಿಕೊಂಡು ಗಂಡನಿಗೆ ಸಂಶಯ ಹುಟ್ಟಿಸಿದವು. ನಿಜ ತಿಳಿದ ಗಂಡ ಕಥೆ ಹೇಳೆಂದಾಗ ಅವಳಿಗೆ ಅದು ಮರೆತೇ ಹೋಗಿತ್ತು. ಹೇಳದೆ ಉಳಿದ ಕಥೆ ಬೇರೆ ರೂಪದಲ್ಲಿ ಹೊರಬರುತ್ತದೆಂಬುದು ನಮ್ಮ ಅಜ್ಜಿಯರಿಗೆ ಮನೋವಿಜ್ಞಾನ ಓದದೆಯೇ ತಿಳಿದಿತ್ತು. ಬಿಟರ್‌ಬ್ಲೂವಿನ ತಾಯಿಯ ಕಥೆ ಹೊರಬರುವುದು ಹಾಸಿಗೆಯ ಹೊದಿಕೆಗಳ ಮೇಲೆ, ಆಕೆ ಕಸೂತಿಯಲ್ಲಿ ಅಡಗಿಸಿದ ಸಂಕೇತಾಕ್ಷರಗಳಲ್ಲಿ.

ಹಾಗೆಂದು ಎಲ್ಲವನ್ನೂ ಒಮ್ಮೆಲೆ ಹೇಳಿಬಿಡುವುದೂ ಚಿಕಿತ್ಸೆಯಲ್ಲ. ಆಘಾತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಬೈಠಕ್ಕಿನಲ್ಲಿ ಬಲವಂತವಾಗಿ ಮಾತನಾಡಿಸುವ ಕ್ರಮ ಪಿ.ಟಿ.ಎಸ್.ಡಿ.ಯನ್ನು ತಡೆಯುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ರಾಣಿಯೂ ಇದನ್ನು ಕಲಿಯುತ್ತಾಳೆ. ತಂದೆಯ ದಿನಚರಿಗಳನ್ನು ಪತ್ತೆಹಚ್ಚಿ ಓದಿಸುತ್ತಾಳೆ, ಆದರೆ ಅದರ ಭೀಕರತೆಯನ್ನು ಬೀದಿಯಲ್ಲಿ ಡಂಗುರ ಸಾರುವುದಿಲ್ಲ. ಕಥೆಗಳಿಗೂ ಸತ್ಯಕ್ಕೂ ಒಂದು ಇಲಾಖೆಯನ್ನೇ ತೆರೆದು, ಹೇಳಬಯಸುವವರಿಗೆ ಕೇಳುವ ಕಿವಿಯನ್ನು ಒದಗಿಸುತ್ತಾಳೆ. ಮದ್ದಿನ ಪ್ರಮಾಣವನ್ನು ನಿರ್ಧರಿಸಬೇಕಾದವನು ನೊಂದವನೇ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಐನೂರಕ್ಕೂ ಹೆಚ್ಚು ಪುಟಗಳ ಈ ಪುಸ್ತಕದ ಮಧ್ಯಭಾಗ ಎಳೆದಂತಿದೆ. ಮಂತ್ರಿಗಳ ಮೇಲೆ ನಮಗೆ ಬರುವ ಸಂಶಯ ರಾಣಿಗೆ ಬರುವುದಕ್ಕೆ ನೂರಾರು ಪುಟಗಳು ಬೇಕು. ನಾವಿಕ ಸ್ಯಾಫ್‌ನೊಡನೆ ಅವಳ ಪ್ರೇಮದಲ್ಲಿ ಪ್ರೀತಿಗಿಂತ ಜಗಳವೇ ಹೆಚ್ಚು. ಆದರೂ ಮದುವೆಯ ಮಂಟಪದಲ್ಲಿ ಕಥೆಯನ್ನು ಮುಗಿಸದಿರುವುದು ಲೇಖಕಿಯ ಪ್ರಾಮಾಣಿಕತೆ. ತಂದೆತಾಯಿಯರಿಗೆ ಒಂದು ಮುನ್ನೆಚ್ಚರಿಕೆ: ಇದರಲ್ಲಿ ಹಿಂಸೆ, ಆತ್ಮಹತ್ಯೆ ಮತ್ತು ಮದುವೆಗೆ ಮುಂಚಿನ ದೇಹಸಂಬಂಧದ ಪ್ರಸ್ತಾಪಗಳಿವೆ. ಹದಿನಾಲ್ಕು-ಹದಿನೈದು ವರ್ಷಕ್ಕಿಂತ ಕಿರಿಯರಿಗೆ ಇದು ತಕ್ಕುದಲ್ಲ. ಹಿರಿಯ ಮಕ್ಕಳ ಕೈಯಲ್ಲಿದ್ದರೆ ಕಿತ್ತುಕೊಳ್ಳದೆ, ‘ನೀನು ಮುಗಿಸಿದ ಮೇಲೆ ನನಗೂ ಕೊಡು’ ಎನ್ನಿ. ಮೊದಲು ‘ಗ್ರೇಸ್ಲಿಂಗ್’ ಓದಿದರೆ ಕಥೆ ಚೆನ್ನಾಗಿ ಹಿಡಿಯುತ್ತದೆ.

ಓದಿ ಮುಗಿಸಿದ ಮೇಲೆ, ಥೀಲ್ ರಾಣಿಗೆ ಮೊದಲೇ ನಿಜ ಹೇಳಬಹುದಿತ್ತೇ ಎಂದು ನಿಮ್ಮ ಮಗಳನ್ನೋ ಮಗನನ್ನೋ ಕೇಳಿ. ಅವರು ಉತ್ತರ ಕೊಟ್ಟ ಬಳಿಕ ನಿಮ್ಮನ್ನೂ ಏನಾದರೂ ಕೇಳಬಹುದು. ಆಗ ಮಾತು ಬದಲಿಸದೆ, ಅವರ ವಯಸ್ಸಿಗೆ ತಕ್ಕಷ್ಟು ಉತ್ತರ ಕೊಡಿರೆಂದು ಪ್ರಾರ್ಥಿಸುತ್ತೇನೆ.